ಬಾಯಿ ಮಗುವಿನದು



ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳ ವೈದ್ಯೆಯಾಗಿ ಕೆಲಸ ಮಾಡಿದ್ದೇನೆ. ಜ್ವರ, ಕೆಮ್ಮು, ಭೇದಿ ಋತುವಿಗೆ ತಕ್ಕಂತೆ ಬಂದು ಹೋಗುತ್ತಿದ್ದವು. ವರ್ಷದ ಹನ್ನೆರಡು ತಿಂಗಳೂ ನನ್ನ ಮೇಜಿನ ಆಚೆಯಿಂದ ಕೇಳಿಬರುತ್ತಿದ್ದ ದೂರು ಒಂದೇ: “ಏನೂ ತಿನ್ನಲ್ಲ ಡಾಕ್ಟ್ರೇ.” ಮಂಡ್ಯದ ಕಡೆಯವರು “ಒಂದ್ ತುತ್ತೂ ಉಣ್ಣಾಕಿಲ್ಲ” ಅನ್ನುತ್ತಿದ್ದರು. ಹುಬ್ಬಳ್ಳಿಯಿಂದ ವರ್ಗವಾಗಿ ಬಂದವರು “ಏನೂ ಉಣ್ಣಂಗಿಲ್ರಿ” ಅನ್ನುತ್ತಿದ್ದರು. ಈಚೆಗೆ “ತುಂಬಾ ಫಸ್ಸಿ” ಎಂಬ ಮಾತೂ ಸೇರಿಕೊಂಡಿದೆ. ಮಾತು ಯಾವುದೇ ಇರಲಿ, ಹೇಳುವ ತಾಯಿಯ ಕಣ್ಣಲ್ಲಿ ನೀರಿರುತ್ತಿತ್ತು. ತೊಡೆಯ ಮೇಲಿನ ಮಗುವೋ, ಬಹಳಷ್ಟು ಸಲ, ನನ್ನ ಸ್ಟೆತಾಸ್ಕೋಪನ್ನು ಎಳೆದಾಡುತ್ತ ನಗುತ್ತಿರುತ್ತಿತ್ತು.

ಆ ಕಣ್ಣೀರಿನ ಕಾರಣ ತಿಳಿಯಲು ನನಗೆ ತುಂಬ ಕಾಲ ಬೇಕಾಯಿತು. ದೂರು ಹೇಳುತ್ತಿದ್ದವಳು ತಾಯಿಯಾದರೂ ಆ ಮಾತು ಅವಳದಾಗಿರುತ್ತಿರಲಿಲ್ಲ. ಅವಳ ಹಿಂದೆ ಅತ್ತೆ ನಿಂತಿರುತ್ತಿದ್ದರು, ಅಥವಾ ಊರಿಗೆ ಹೋದಾಗ ಮಗುವಿನ ತೋಳು ಹಿಸುಕಿ “ಯಾಕೆ ಹಿಂಗೆ ಸೊರಗೋಗಿದೆ?” ಎಂದ ದೊಡ್ಡಮ್ಮನೊಬ್ಬರು ಅವಳ ಮನಸ್ಸಿನಲ್ಲಿ ನಿಂತಿರುತ್ತಿದ್ದರು. ಎದುರಾದವರನ್ನು “ಊಟ ಆಯ್ತಾ?” ಎಂದು ಕೇಳಿ ಮಾತಿಗೆ ತೊಡಗುವ ಜನ ನಾವು. ನಮ್ಮಲ್ಲಿ ಪ್ರೀತಿಯನ್ನು ತುತ್ತಿನಲ್ಲಿ ಅಳೆಯುತ್ತಾರೆ. ಮಗು ತುತ್ತನ್ನು ಉಗುಳಿದರೆ ತಾಯಿಗೆ ತನ್ನ ಪ್ರೀತಿಯನ್ನೇ ಉಗುಳಿದ ಹಾಗಾಗುತ್ತದೆ. ಇದರ ಹಿಂದೆ ಹಳೆಯ ಭಯವೂ ಇದೆ. ನಮ್ಮ ಅಜ್ಜಿಯರು ಹೆತ್ತ ಮಕ್ಕಳಲ್ಲಿ ಎಲ್ಲರೂ ಉಳಿಯುತ್ತಿರಲಿಲ್ಲ. ಮೈಕೈ ತುಂಬಿಕೊಂಡ ಮಗು ಮುಂದಿನ ಕಾಯಿಲೆಯನ್ನು ತಡೆದುಕೊಂಡೀತೆಂಬ ಧೈರ್ಯ ಅವರದು. ಆ ಭಯಕ್ಕೆ ಅಂದು ಅರ್ಥವಿತ್ತು, ಅದನ್ನು ನಾನು ಹಗುರವಾಗಿ ಕಾಣಲಾರೆ. ಇಂದು ಅದೇ ಭಯ ಊಟದ ಹೊತ್ತನ್ನು ಯುದ್ಧದ ಹೊತ್ತನ್ನಾಗಿ ಮಾಡುತ್ತಿದೆ, ಆ ಯುದ್ಧದಲ್ಲಿ ಸೋಲುತ್ತಿರುವುದು ಮಗುವಿನ ಹಸಿವು. ಇದನ್ನು ಹೇಳಲೆಂದೇ ಈ ದತ್ತಿ ಉಪನ್ಯಾಸಕ್ಕೆ ಒಪ್ಪಿಕೊಂಡೆ.

ಮೊದಲು ಒಂದು ಸಣ್ಣ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಮಕ್ಕಳ ಬೆಳವಣಿಗೆಯ ಮಾನದಂಡಗಳನ್ನು ಪ್ರಕಟಿಸಿತು. ಆರು ದೇಶಗಳ ಮಕ್ಕಳನ್ನು ಅಳೆದು ಮಾಡಿದ ಕೆಲಸ ಅದು, ದೆಹಲಿಯ ಮಕ್ಕಳೂ ಅದರಲ್ಲಿದ್ದಾರೆ. ಆದ್ದರಿಂದ ‘ಅದು ಬಿಳಿಯರ ಅಳತೆ, ನಮಗಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಅದರ ಪ್ರಕಾರ ಗಂಡುಮಗುವಿನ ನಡುಮಟ್ಟದ ತೂಕ ಹುಟ್ಟಿದಾಗ 3.3 ಕಿಲೋ, ವರ್ಷ ತುಂಬಿದಾಗ 9.6 ಕಿಲೋ, ಎರಡು ತುಂಬಿದಾಗ 12.2 ಕಿಲೋ. ಅಂದರೆ ಮೊದಲ ವರ್ಷ ಆರು ಕಿಲೋಗೂ ಹೆಚ್ಚು ಏರಿದ ಮಗು ಎರಡನೆಯ ವರ್ಷ ಏರುವುದು ಎರಡೂವರೆ ಕಿಲೋ ಚಿಲ್ಲರೆ ಮಾತ್ರ. ಮೊದಲ ವರ್ಷದಂತೆ ಮತ್ತೆ ಮೂರು ಪಟ್ಟು ಬೆಳೆದಿದ್ದರೆ ಎರಡನೆಯ ಹುಟ್ಟುಹಬ್ಬಕ್ಕೆ ಅದು ಸುಮಾರು 28 ಕಿಲೋ ತೂಗಬೇಕಿತ್ತು! ಬೆಳವಣಿಗೆಯ ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ಮಗುವಿನ ಮೈಗೆ ಈ ಲೆಕ್ಕ ತಾನಾಗಿ ತಿಳಿದಿದೆ. ಬಟ್ಟಲು ಹಿಡಿದ ನಮಗೆ ತಿಳಿದಿಲ್ಲ. ಹನ್ನೊಂದನೆಯ ತಿಂಗಳಲ್ಲಿ ಬಟ್ಟಲು ಖಾಲಿ ಮಾಡುತ್ತಿದ್ದ ಕೂಸು ಹದಿನೈದನೆಯ ತಿಂಗಳಲ್ಲಿ ನಾಲ್ಕು ತುತ್ತಿಗೆ ಮುಖ ತಿರುಗಿಸಿದರೆ ದೃಷ್ಟಿಯಾಯಿತೆಂದು ಮೆಣಸಿನಕಾಯಿ ನಿವಾಳಿಸುತ್ತೇವೆ.

ಇದೇ ಹೊತ್ತಿಗೆ ಇನ್ನೊಂದೂ ನಡೆಯುತ್ತದೆ. ಮಗು ನಡೆಯಲು ಕಲಿಯುತ್ತದೆ. ತೆವಳುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತಿದ್ದದ್ದು ಎರಡು ವರ್ಷದ ಆಸುಪಾಸಿನಲ್ಲಿ ಹೊಸ ತಿನಿಸನ್ನು ಕಂಡರೆ ಹಿಂದೆ ಸರಿಯತೊಡಗುತ್ತದೆ. ಐದಾರು ವರ್ಷದವರೆಗೂ ಈ ಹಿಂಜರಿಕೆ ಇರಬಹುದು. ತಾಯಿಯ ಕಣ್ಣು ತಪ್ಪಿಸಿ ಹಿತ್ತಿಲಿಗೆ ಹೋಗಬಲ್ಲ ಮಗು ಕಂಡ ಸೊಪ್ಪು, ಕಂಡ ಕಾಯಿಯನ್ನೆಲ್ಲ ಬಾಯಿಗೆ ಹಾಕಿಕೊಂಡರೆ ಬದುಕುವುದು ಹೇಗೆ? ಕಹಿ ಎಂದರೆ ವಿಷವಿರಬಹುದು, ಸಿಹಿ ಎಂದರೆ ಅಮ್ಮನ ಹಾಲಿನ ಹಾಗೆ ನಂಬಬಹುದು. ಸಾವಿರಾರು ತಲೆಮಾರು ಮನುಷ್ಯನ ಮಕ್ಕಳನ್ನು ಕಾಪಾಡಿದ ಎಚ್ಚರ ಇದೆಂದು ವಿಜ್ಞಾನಿಗಳು ವಿವರಿಸುತ್ತಾರೆ. ಹಾಗಲಕಾಯಿಗೆ, ಮೆಂತ್ಯಕ್ಕೆ ಮುಖ ಕಿವುಚುವ ಕೂಸಿಗೆ ನಿಮ್ಮ ಮೇಲೆ ಯಾವ ಹಗೆಯೂ ಇಲ್ಲ. ಅಮೆರಿಕದಲ್ಲಿ ಮೂರು ಸಾವಿರ ಮಕ್ಕಳ ಪೋಷಕರನ್ನು ಕೇಳಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ವರ್ಷದ ಹತ್ತಿರ ಬಂದ ಮಕ್ಕಳ ತಂದೆತಾಯಿಯರಲ್ಲಿ ಅರ್ಧದಷ್ಟು ಜನ ನಮ್ಮ ಮಗು ಆರಿಸಿ ಆರಿಸಿ ತಿನ್ನುತ್ತದೆ ಎಂದಿದ್ದರು. ಅರ್ಧದಷ್ಟು ಮಕ್ಕಳಿಗೆ ಇರುವುದನ್ನು ಕಾಯಿಲೆ ಎನ್ನಲಾಗದು.

ಈಗ ನಿಮ್ಮನ್ನು ನೂರು ವರ್ಷ ಹಿಂದಕ್ಕೆ ಕರೆದೊಯ್ಯುತ್ತೇನೆ. ಕ್ಲಾರಾ ಡೇವಿಸ್ ಎಂಬ ಅಮೆರಿಕದ ಮಕ್ಕಳ ವೈದ್ಯೆಯ ಕಥೆ ಇದು. ಆ ಕಾಲದ ಅಮೆರಿಕದಲ್ಲಿ ಮಗು ಯಾವ ಹೊತ್ತಿಗೆ ಏನನ್ನು ಎಷ್ಟು ತಿನ್ನಬೇಕೆಂದು ವೈದ್ಯರು ಚೀಟಿ ಬರೆದುಕೊಡುತ್ತಿದ್ದರು, ತಾಯಂದಿರು ಚೀಟಿ ಹಿಡಿದು ಮಕ್ಕಳ ಬಾಯಿಗೆ ತುರುಕುತ್ತಿದ್ದರು, ತಿನ್ನದ ಮಕ್ಕಳು ಅದೇ ವೈದ್ಯರ ಬಳಿಗೆ ಮರಳಿ ಬರುತ್ತಿದ್ದರು. ಡೇವಿಸ್ 1920ರ ದಶಕದಲ್ಲಿ ಒಂದು ಸಾಹಸಕ್ಕೆ ಕೈಹಾಕಿದರು. ಎದೆಹಾಲು ಬಿಡಿಸುವ ಹಂತದ ಹದಿನೈದು ಕೂಸುಗಳು. ಅವು ಬೇರೆ ಯಾವ ಆಹಾರದ ರುಚಿಯನ್ನೂ ಕಂಡಿರಲಿಲ್ಲ. ಒಟ್ಟು 34 ಬಗೆಯ ಆಹಾರ: ಹಾಲು, ಹುಳಿ ಹಾಲು, ಸೇಬು, ಬಾಳೆಹಣ್ಣು, ಕಿತ್ತಳೆ ರಸ, ಕ್ಯಾರೆಟ್, ಬೀಟ್‌ರೂಟ್, ಕೋಸು, ಓಟ್ಸ್, ಬಾರ್ಲಿ, ಮೊಟ್ಟೆ, ಮಾಂಸ, ಈಲಿ, ಮೀನು, ಜೊತೆಗೆ ಬೇರೆ ಬಟ್ಟಲಲ್ಲಿ ಉಪ್ಪು. ಪ್ರತಿ ಊಟಕ್ಕೂ ಇವುಗಳಲ್ಲಿ ಹತ್ತು ಹನ್ನೆರಡನ್ನು ಒಂದರೊಡನೊಂದು ಬೆರೆಸದೆ ತಟ್ಟೆಯಲ್ಲಿ ಸಾಲಾಗಿ ಇಡುತ್ತಿದ್ದರು. ದಾದಿಯರಿಗೆ ಕಟ್ಟುನಿಟ್ಟಿನ ಅಪ್ಪಣೆ: ಚಮಚ ಹಿಡಿದು ಸುಮ್ಮನೆ ಕುಳಿತಿರಬೇಕು. ಮಗು ಕೈಚಾಚಿದರೆ ಅಥವಾ ಬೊಟ್ಟು ಮಾಡಿದರೆ ಮಾತ್ರ ಆ ಆಹಾರವನ್ನು ಚಮಚದಲ್ಲಿ ಕೊಡಬೇಕು. ಹೊಗಳುವಂತಿಲ್ಲ, ಗದರುವಂತಿಲ್ಲ, ಕೈಯಲ್ಲಿ ತಿಂದರೆ ತಡೆಯುವಂತಿಲ್ಲ.

ಮಕ್ಕಳು ತಿಂದ ರೀತಿಯನ್ನು ನೋಡಿದರೆ ಯಾವ ಅಜ್ಜಿಯ ಎದೆಯೂ ಒಡೆಯಬೇಕು. ಬೆಳಗಿನ ತಿಂಡಿಗೆ ಅರ್ಧ ಲೀಟರಿನಷ್ಟು ಕಿತ್ತಳೆ ರಸ ಮತ್ತು ಈಲಿ. ರಾತ್ರಿಗೆ ಹಲವು ಮೊಟ್ಟೆ, ಬಾಳೆಹಣ್ಣು, ಹಾಲು. ಒಂದು ವಾರ ಒಂದರ ಮೇಲೆ ಮೋಹ, ಮುಂದಿನ ವಾರ ಅದನ್ನು ತಿರುಗಿಯೂ ನೋಡದಷ್ಟು ಬೇಸರ. ಒಂದು ಮಗುವಿನ ಪಟ್ಟಿ ಇನ್ನೊಂದರ ಪಟ್ಟಿಯಂತಿರಲಿಲ್ಲ. ಆದರೆ ತಿಂಗಳುಗಳ ಲೆಕ್ಕ ಕೂಡಿಸಿ ನೋಡಿದಾಗ ಎಲ್ಲ ಮಕ್ಕಳೂ ತಮಗೆ ಬೇಕಾದ ಪೋಷಕಾಂಶಗಳನ್ನು ಪಡೆದು ಚೆನ್ನಾಗಿ ಬೆಳೆದಿದ್ದವು. ರಿಕೆಟ್ಸ್ ಹಿಡಿದು ಮೂಳೆ ಮೆತ್ತಗಾಗಿದ್ದ ಒಂದು ಮಗುವಿನ ತಟ್ಟೆಯಲ್ಲಿ ಕಾಡ್ ಮೀನಿನ ಎಣ್ಣೆಯ ಲೋಟವನ್ನೂ ಇಟ್ಟಿದ್ದರು. ಬಾಯಿಗಿಟ್ಟರೆ ದೊಡ್ಡವರೂ ಮುಖ ಸಿಂಡರಿಸುವ ಎಣ್ಣೆ ಅದು. ಆ ಮಗು ತನ್ನಿಷ್ಟದಂತೆ ಅದನ್ನು ಕುಡಿಯಿತು, ರಿಕೆಟ್ಸ್ ವಾಸಿಯಾದ ಮೇಲೆ ಮುಟ್ಟುವುದನ್ನು ಬಿಟ್ಟಿತು.

1939ರಲ್ಲಿ ಕೆನಡಾದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಇದರ ಸಾರಾಂಶವನ್ನು ಬರೆಯುವಾಗ ಡೇವಿಸ್ ಒಂದು ಮಾತನ್ನು ಒತ್ತಿ ಹೇಳಿದರು. ಈ ಪ್ರಯೋಗದ ಗುಟ್ಟು ಆಹಾರದ ಪಟ್ಟಿಯಲ್ಲಿದೆ ಎಂದು. ಆ 34ರಲ್ಲಿ ಸಕ್ಕರೆ ಇರಲಿಲ್ಲ, ಡಬ್ಬಿಯ ತಿನಿಸು ಇರಲಿಲ್ಲ. ಆಯ್ಕೆ ಮಗುವಿನದು, ಪಟ್ಟಿ ದೊಡ್ಡವರದು. ಮಕ್ಕಳಿಗೆ ಬೇಕಾದ್ದನ್ನು ತಿನ್ನಲು ಬಿಡಿ ಎಂದು ಈ ಪ್ರಯೋಗವನ್ನು ಅರ್ಧ ಓದಿದವರು ಹೇಳುತ್ತಾರೆ. ತಟ್ಟೆಯಲ್ಲಿ ಕುರ್ಕುರೆ, ಕ್ರೀಮ್ ಬಿಸ್ಕತ್ತು ಇಟ್ಟು ಮಗುವಿನ ಮೈಗೆ ಎಲ್ಲ ತಿಳಿದಿದೆ ಎಂದರೆ ಅದು ಮಗುವಿಗೆ ಮಾಡುವ ಅನ್ಯಾಯ. ಇಂದು ಅಂಥ ಪ್ರಯೋಗವನ್ನು ಯಾವ ನೈತಿಕ ಸಮಿತಿಯೂ ಒಪ್ಪದು. ಕೂಸುಗಳನ್ನು ಮನೆಯಿಂದ ದೂರವಿಟ್ಟು ತಿಂಗಳುಗಟ್ಟಲೆ, ಕೆಲವರನ್ನು ವರ್ಷಗಟ್ಟಲೆ ನೋಡಿಕೊಂಡ ಪ್ರಯೋಗ ಅದು. ಆದರೂ ಅದು ಕಲಿಸಿದ್ದನ್ನು ಮರೆಯಲಾರೆ. ಎಷ್ಟೋ ವರ್ಷಗಳ ಬಳಿಕ ಎಲಿನ್ ಸ್ಯಾಟರ್ ಎಂಬ ಆಹಾರತಜ್ಞೆ ಇದೇ ನೆಲೆಯಲ್ಲಿ ಹೊಣೆಯನ್ನು ಹಂಚಿಕೊಟ್ಟರು: ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಕೈಯಲ್ಲಿ, ಎಷ್ಟು ಎಂಬುದು, ತಿನ್ನಬೇಕೋ ಬೇಡವೋ ಎಂಬುದು ಮಗುವಿನ ಕೈಯಲ್ಲಿ. ನಮ್ಮ ಮನೆಗಳಲ್ಲಿ ಇದು ತಿರುಗುಮುರುಗಾಗಿದೆ. ಏನು ಬೇಕೆಂದು ಮೂರು ವರ್ಷದವನನ್ನು ಕೇಳುತ್ತೇವೆ, ಅವನು ನೂಡಲ್ಸ್ ಎಂದರೆ ಅದನ್ನೇ ಮಾಡುತ್ತೇವೆ, ಆಮೇಲೆ ಎಷ್ಟು ತಿನ್ನಬೇಕೆಂದು ನಾವು ಹಟ ಹಿಡಿಯುತ್ತೇವೆ.

ಹಟಕ್ಕೆ ನಮ್ಮಲ್ಲಿ ಆಯುಧಗಳಿಗೆ ಕೊರತೆ ಇಲ್ಲ. ಒಂದು ಚಂದಮಾಮ, ಇನ್ನೊಂದು ಗುಮ್ಮ. ಪುರಂದರದಾಸರ ಕೀರ್ತನೆಯೊಂದರಲ್ಲಿ ಪುಟ್ಟ ಕೃಷ್ಣ ಗುಮ್ಮನನ್ನು ಕರೆಯಬೇಡವೆಂದು ತಾಯಿಯನ್ನು ಅಂಗಲಾಚುತ್ತಾನೆ. ಮೊಲೆಹಾಲು ಕೇಳುವುದಿಲ್ಲ, ಅನ್ನ ಉಣ್ಣುತ್ತೇನೆ, ಅಳುವುದಿಲ್ಲ ಎಂದು ಮಾತು ಕೊಡುತ್ತಾನೆ. ಚಿಕ್ಕವಳಿದ್ದಾಗ ಅದನ್ನು ಭಕ್ತಿಯಿಂದ ಕೇಳಿದ್ದೆ. ವೈದ್ಯೆಯಾದ ಮೇಲೆ ಕೇಳಿದಾಗ ಬೇರೆಯೇ ಕಂಡಿತು. ನಾಲ್ಕುನೂರು ವರ್ಷಕ್ಕೂ ಹಿಂದೆ ಕನ್ನಡದ ಮನೆಯಲ್ಲಿ ಎದೆಹಾಲು ಬಿಡಿಸಿ ಅನ್ನಕ್ಕೆ ಒಗ್ಗಿಸುವ ಹೊತ್ತಿನ ಕಷ್ಟ ಹೇಗಿತ್ತೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ದಾಸರು ಅದನ್ನು ಹಾಡಿದ್ದು ಮಗುವಿನ ಬಾಯಿಂದ ಎಂಬುದನ್ನು ಗಮನಿಸಿ. ಹೆದರಿದವನ ಕಡೆಯಿಂದ ಹಾಡಿದ್ದಾರೆ.

ಈಗ ಗುಮ್ಮನ ಜಾಗಕ್ಕೆ ಮೊಬೈಲ್ ಬಂದಿದೆ. ಮೇಲ್ನೋಟಕ್ಕೆ ಇದು ಹೆದರಿಸುವುದಿಲ್ಲ, ಹೊಡೆಯುವುದಿಲ್ಲ, ಬಟ್ಟಲು ಖಾಲಿಯಾಗುತ್ತದೆ. ಅದಕ್ಕೇ ಇದು ಗುಮ್ಮನಿಗಿಂತ ಕೆಟ್ಟದ್ದು ಎನ್ನುತ್ತೇನೆ. ಗುಮ್ಮನಿಗೆ ಹೆದರಿ ಉಣ್ಣುವ ಮಗುವಿಗೆ ತಾನು ಉಣ್ಣುತ್ತಿರುವುದಾದರೂ ಗೊತ್ತಿರುತ್ತದೆ. ಪರದೆಗೆ ಕಣ್ಣು ನೆಟ್ಟ ಮಗು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ಅನ್ನ ಬಿಸಿಯೋ ತಣ್ಣಗೋ, ಬೇಳೆಯೋ ಸೊಪ್ಪೋ ಅದಕ್ಕೆ ಬೇಕಿಲ್ಲ. ಹೊಟ್ಟೆ ತುಂಬಿತೆಂದು ಹೊಟ್ಟೆ ಹೇಳುವ ಮಾತು ಅದಕ್ಕೆ ಕೇಳುವುದಿಲ್ಲ. ರುಚಿಯ ಪಾಠ ನಡೆಯಬೇಕಾದ ಹೊತ್ತಿನಲ್ಲಿ ಆ ಪಾಠವೇ ರದ್ದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ, ಭಾರತದ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಎಳೆಯ ಮಕ್ಕಳಿಗೆ ಪರದೆ ಬೇಡವೆಂದಿವೆ. ನಮ್ಮ ಅಕಾಡೆಮಿ ಎರಡು ವರ್ಷದವರೆಗೆ ಪೂರ್ತಿ ಬೇಡ ಎನ್ನುತ್ತದೆ. ಇದನ್ನು ಹೇಳಿದರೆ ತಾಯಂದಿರು ಕೇಳುತ್ತಿದ್ದ ಪ್ರಶ್ನೆ ನನಗೆ ನೆನಪಿದೆ: “ಮತ್ತೆ ಉಣಿಸೋದು ಹೆಂಗೆ ಡಾಕ್ಟ್ರೇ?” ನ್ಯಾಯವಾದ ಪ್ರಶ್ನೆ. ಒಬ್ಬಳೇ ಮನೆಗೆಲಸ, ಹೊರಗಿನ ಕೆಲಸ ಎರಡನ್ನೂ ತೂಗಿಸುವ ಹೆಣ್ಣಿಗೆ ಮೊಬೈಲನ್ನು ಕಸಿದುಕೊಂಡು ಬದಲಿಗೆ ಏನನ್ನೂ ಕೊಡದೆ ಕಳಿಸುವುದು ವೈದ್ಯರ ತಪ್ಪು.

ಒತ್ತಾಯ ಏನು ಮಾಡುತ್ತದೆ ಎಂಬುದನ್ನು ಲಿಯಾನ್ ಬರ್ಚ್ ಎಂಬ ಅಮೆರಿಕದ ವಿಜ್ಞಾನಿ ಜೀವಮಾನವಿಡೀ ಅಳೆದು ನೋಡಿದರು. ಶಿಶುವಿಹಾರದ ಮಕ್ಕಳಿಗೆ ಎರಡು ಬಗೆಯ ಸೂಪು. ಒಂದನ್ನು ಕುಡಿಯುವಾಗ ‘ಪೂರ್ತಿ ಮುಗಿಸು’ ಎಂದು ಮತ್ತೆ ಮತ್ತೆ ಹೇಳುತ್ತಿದ್ದರು, ಇನ್ನೊಂದಕ್ಕೆ ಏನೂ ಹೇಳುತ್ತಿರಲಿಲ್ಲ. 2006ರಲ್ಲಿ ಪ್ರಕಟವಾದ ಫಲಿತಾಂಶ: ಒತ್ತಾಯವಿಲ್ಲದ ಸೂಪನ್ನೇ ಮಕ್ಕಳು ಹೆಚ್ಚು ಕುಡಿದರು, ಒತ್ತಾಯದ ಸೂಪಿನ ಬಗ್ಗೆ ಕೆಟ್ಟ ಮಾತಾಡಿದರು. ಇದಕ್ಕೂ ಮೊದಲು 1984ರಲ್ಲಿ, ನಮ್ಮ ಮಜ್ಜಿಗೆಯ ದೂರದ ನೆಂಟನಂಥ ಕೆಫಿರ್ ಎಂಬ ಹುಳಿ ಹಾಲನ್ನು ಕುಡಿದ ಮಕ್ಕಳಿಗೆ ಬಹುಮಾನ ಕೊಟ್ಟು ನೋಡಿದ್ದರು. ಬಹುಮಾನ ಪಡೆದವರಿಗೆ ಆ ಹಾಲಿನ ಮೇಲಿನ ಪ್ರೀತಿ ಕಡಿಮೆಯಾಯಿತು. “ಪಲ್ಯ ತಿಂದ್ರೆ ಚಾಕ್ಲೇಟ್ ಕೊಡ್ತೀನಿ” ಎಂದಾಗ ಮಗು ಕಲಿಯುವುದು ಇದನ್ನೇ: ಲಂಚ ಕೊಟ್ಟು ತಿನ್ನಿಸಬೇಕಾದರೆ ಪಲ್ಯದಲ್ಲಿ ಏನೋ ಐಬಿದೆ.

ನನ್ನ ಮಾತನ್ನೂ ಹೇಳಬೇಕು. ನನ್ನ ಮಗಳಿಗೆ ಆಗ ಎರಡೂವರೆ ವರ್ಷ. ಹಗಲೆಲ್ಲ ಬೇರೆ ತಾಯಂದಿರಿಗೆ ಬುದ್ಧಿ ಹೇಳಿ ರಾತ್ರಿ ಎಂಟಕ್ಕೆ ಮನೆಗೆ ಬಂದರೆ ಅವಳು ಉಂಡಿರುತ್ತಿರಲಿಲ್ಲ. ಹಗಲಿಡೀ ದೂರವಿದ್ದ ಅಪರಾಧ ಭಾವವನ್ನೆಲ್ಲ ಹುರುಳಿಕಾಯಿ ಪಲ್ಯದಲ್ಲಿ ಕಲಸಿ ಅವಳ ಬಾಯಿಗಿಡುತ್ತಿದ್ದೆ. ಅವಳು ಅಳುತ್ತಿರಲಿಲ್ಲ, ಉಗುಳುತ್ತಿರಲಿಲ್ಲ. ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಒಂದು ರಾತ್ರಿ ನಿದ್ದೆ ಹೋದವಳ ಹೊದಿಕೆ ಸರಿಮಾಡಲು ಹೋದಾಗ ಒಂದು ಕೆನ್ನೆ ಊದಿಕೊಂಡಂತೆ ಕಂಡಿತು. ಬೆರಳು ಹಾಕಿ ತೆಗೆದೆ. ಎರಡು ಗಂಟೆ ಹಿಂದಿನ ತುತ್ತು ಹಾಗೆಯೇ ಇತ್ತು. ನಿದ್ದೆಯಲ್ಲಿ ಅದು ಶ್ವಾಸನಾಳಕ್ಕೆ ಜಾರಿದ್ದರೆ ಏನಾಗುತ್ತಿತ್ತೆಂದು ಬೇರೆ ಯಾರಿಗಿಂತ ನನಗೆ ಚೆನ್ನಾಗಿ ಗೊತ್ತಿತ್ತು. ಮರುದಿನದಿಂದ ಅವಳ ಬಾಯಿಗೆ ನಾನು ಕೈಯಿಟ್ಟಿಲ್ಲ. ಅವಳು ಹುರುಳಿಕಾಯಿಯನ್ನು ತಾನಾಗಿ ಎತ್ತಿಕೊಂಡದ್ದು ನಾಲ್ಕು ತುಂಬಿದ ಮೇಲೆ.

ನಾಲ್ಕು ತುಂಬುವವರೆಗೆ ಹುರುಳಿಕಾಯಿ ನಮ್ಮ ಮನೆಯಲ್ಲಿ ಬೇಯುತ್ತಲೇ ಇತ್ತು, ಅವಳ ತಟ್ಟೆಯ ಅಂಚಿನಲ್ಲಿ ಎರಡು ತುಂಡು ಇರುತ್ತಲೇ ಇತ್ತು. ಹೊಸ ರುಚಿಗೆ ಮಗು ಒಗ್ಗಲು ಅದನ್ನು ಹತ್ತು ಹದಿನೈದು ಸಲವಾದರೂ ಬಾಯಲ್ಲಿಟ್ಟು ನೋಡಬೇಕಾಗಬಹುದು ಎನ್ನುತ್ತವೆ ಅಧ್ಯಯನಗಳು. ಮೂರು ನಾಲ್ಕು ಸಲ ಬೇಡವೆಂದ ಕೂಡಲೇ ‘ನಮ್ಮನೇಲಿ ಬೀಟ್‌ರೂಟ್ ಮುಟ್ಟಲ್ಲ’ ಎಂದು ತೀರ್ಪು ಕೊಟ್ಟು ಬೀಟ್‌ರೂಟನ್ನು ಮನೆಯಿಂದಲೇ ಗಡೀಪಾರು ಮಾಡುತ್ತೇವೆ. ರುಚಿಯ ಪಾಠ ಮಗು ಹುಟ್ಟುವ ಮೊದಲೇ ಶುರುವಾಗಿರುತ್ತದೆ. ಬಸುರಿನಲ್ಲಿ ಅಥವಾ ಹಾಲೂಡಿಸುವಾಗ ತಾಯಿ ಕ್ಯಾರೆಟ್ ರಸ ಕುಡಿದಿದ್ದರೆ ಕ್ಯಾರೆಟ್ ಬೆರೆಸಿದ ಗಂಜಿಯನ್ನು ಕೂಸು ಸುಲಭವಾಗಿ ಒಪ್ಪುತ್ತದೆಂದು ಜೂಲಿ ಮೆನೆಲ್ಲಾ 2001ರಲ್ಲಿ ತೋರಿಸಿದರು. ತಾಯಿ ತಿಂದ ಬೆಳ್ಳುಳ್ಳಿಯ ವಾಸನೆ ಎದೆಹಾಲಿಗೆ ಬರುವುದನ್ನೂ ಅವರೇ ಹಿಂದೆ ಕಂಡಿದ್ದರು. ನಮ್ಮ ಬಾಣಂತಿಯರಿಗೆ ಬೆಳ್ಳುಳ್ಳಿ, ಸಬ್ಬಸಿಗೆ, ಮೆಂತ್ಯ ಕೊಡುವ ಪದ್ಧತಿ ಇಲ್ಲಿ ಮಗುವಿನ ಪರವಾಗಿದೆ. ಅದೇ ಪಥ್ಯದ ಹೆಸರಿನಲ್ಲಿ ತಿಂಗಳುಗಟ್ಟಲೆ ಉಳಿದ ತರಕಾರಿ, ಹಣ್ಣುಗಳನ್ನು ದೂರವಿಡುವುದು ಬಾಣಂತಿಗೂ ನಷ್ಟ, ಕೂಸಿಗೂ ನಷ್ಟ.

ನಾನು ತುಂಬ ಕಂಡ ಇನ್ನೊಂದು ತಪ್ಪು ಮಿಕ್ಸಿಯದು. ಆರು ತಿಂಗಳಿಗೆ ಎದೆಹಾಲಿನ ಜೊತೆ ಮೇಲಾಹಾರ ಶುರುಮಾಡುವಾಗ ನುಣ್ಣಗೆ ಇರಬೇಕು, ಸರಿ. ಎರಡು ವರ್ಷವಾದರೂ ಅನ್ನ, ಬೇಳೆ, ತರಕಾರಿ ಎಲ್ಲವನ್ನೂ ಮಿಕ್ಸಿಗೆ ಹಾಕಿ ಒಂದೇ ಬಣ್ಣದ ಸರಿ ಮಾಡಿ ಉಣಿಸುವ ಮನೆಗಳು ನಗರದಲ್ಲಿ ಬೇಕಾದಷ್ಟಿವೆ. ಗಂಟಲಿಗೆ ಸಿಕ್ಕಿಕೊಂಡೀತೆಂಬ ಭಯ. ಅಗಿಯುವುದೂ ನಡೆಯುವ ಹಾಗೆ ಕಲಿಯಬೇಕಾದ ವಿದ್ಯೆ, ಅದಕ್ಕೂ ಒಂದು ಕಾಲವಿದೆ. ಇಂಗ್ಲೆಂಡಿನ ಬ್ರಿಸ್ಟಲ್ ಸುತ್ತಿನಲ್ಲಿ 1990ರ ದಶಕದ ಮೊದಲಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಹಿಂಬಾಲಿಸಿದ ಅಧ್ಯಯನದಲ್ಲಿ, ಗಂಟುಗಂಟಾದ ಆಹಾರವನ್ನು ಒಂಬತ್ತು ತಿಂಗಳ ನಂತರ ಕಂಡ ಮಕ್ಕಳಿಗೆ ಏಳು ವರ್ಷದಲ್ಲೂ ಊಟದ ತಕರಾರು ಹೆಚ್ಚಾಗಿತ್ತು, ತರಕಾರಿ ಹಣ್ಣು ತಿನ್ನುವುದು ಕಡಿಮೆಯಾಗಿತ್ತು. ಹಲ್ಲು ಬರುವವರೆಗೆ ಕಾಯಬೇಕಿಲ್ಲ, ಒಸಡಿಗೂ ಕಿವುಚುವ ಶಕ್ತಿ ಇದೆ. ಕೈಯಲ್ಲಿ ಕಿವುಚಿದ ಅನ್ನ, ಬೆಂದ ಕುಂಬಳದ ಹೋಳು, ಇಡ್ಲಿಯ ಚೂರು, ಮೀನು ತಿನ್ನುವ ಮನೆಯಲ್ಲಿ ಮುಳ್ಳು ತೆಗೆದ ಮೀನು, ಮಜ್ಜಿಗೆಯಲ್ಲಿ ನೆನೆದ ಜೋಳದ ನುಚ್ಚು. ಕಡಲೆಕಾಯಿ ಬೀಜದಂಥ ಗಟ್ಟಿ ಕಾಳನ್ನು ಮಾತ್ರ ಇಡಿಯಾಗಿ ಕೊಡಬೇಡಿ, ಅದು ಶ್ವಾಸನಾಳಕ್ಕೆ ಸಿಕ್ಕಿಕೊಂಡು ಜೀವಕ್ಕೆ ಎರವಾದ ಮಕ್ಕಳಿದ್ದಾರೆ. ಕಾಲ ಮೇಲೆ ಮಲಗಿಸಿ, ಮೂಗು ಹಿಡಿದು, ಒಳಲೆಯಿಂದ ಸುರಿಯುವ ಪದ್ಧತಿಯನ್ನಂತೂ ಇವತ್ತೇ ನಿಲ್ಲಿಸಿ. ಅದು ಉಣಿಸುವುದಲ್ಲ.

ಹಳೆಯದೆಲ್ಲ ತಪ್ಪೆಂದು ತಿಳಿಯಬೇಡಿ. ನಮ್ಮ ಅಜ್ಜಿಯರ ರಾಗಿ ಸರಿ, ಕರಾವಳಿಯವರು ಮಣ್ಣಿ ಎನ್ನುವುದು, ಬಹಳ ಎತ್ತರದ ವಿದ್ಯೆ. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಜರಡಿ ಹಿಡಿಯುತ್ತಿದ್ದರು. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಎಚ್ಚರಗೊಳ್ಳುತ್ತದೆ. ಅದರಿಂದ ಹಿಟ್ಟು ಹೆಚ್ಚು ಹಾಕಿದರೂ ಗಂಜಿ ಅಂಟಂಟಾಗದೆ ತೆಳುವಾಗಿಯೇ ಇರುತ್ತದೆ; ಪುಟ್ಟ ಹೊಟ್ಟೆಗೆ ಅಷ್ಟೇ ಬಟ್ಟಲಿನಲ್ಲಿ ಹೆಚ್ಚು ಸತ್ವ ಸೇರುತ್ತದೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ ಇದೆ, ಅಷ್ಟೇ ತೂಕದ ಹಾಲಿನಲ್ಲಿ ಅದರ ಅರ್ಧವೂ ಇಲ್ಲ. ಇಷ್ಟು ಕೈಯಲ್ಲಿಟ್ಟುಕೊಂಡು ನಾವು ಡಬ್ಬಿಯ ಪುಡಿಗೆ ನೂರಾರು ರೂಪಾಯಿ ಸುರಿಯುತ್ತೇವೆ.

ಹಾಲಿನ ಮಾತು ಬಂತು. “ಏನೂ ತಿನ್ನಲ್ಲ” ಎಂದವರನ್ನು ನಿನ್ನೆ ಬೆಳಗಿನಿಂದ ರಾತ್ರಿಯವರೆಗೆ ಬಾಯಿಗೆ ಹೋದದ್ದನ್ನೆಲ್ಲ ಹೇಳಿ ಎಂದು ಕೇಳುತ್ತಿದ್ದೆ. ಎದ್ದೊಡನೆ ಒಂದು ಬಾಟಲಿ ಹಾಲು, ಹನ್ನೊಂದಕ್ಕೆ ಊಟ ಬೇಡವೆಂದಿದ್ದಕ್ಕೆ ಮತ್ತೊಂದು, ಮಲಗುವಾಗ ಒಂದು, ನಡುರಾತ್ರಿ ಒಂದು. ಕೂಡಿಸಿದರೆ ಲೀಟರು. ಎರಡು ವರ್ಷದ ಮಗುವಿಗೆ ದಿನಕ್ಕೆ ಬೇಕಾದ ಶಕ್ತಿ ಸುಮಾರು 1,000 ಕ್ಯಾಲರಿ, ಒಂದು ಲೀಟರ್ ಹಾಲಿನಲ್ಲೇ 600ರ ಹತ್ತಿರ ಇದೆ. ಇನ್ನು ಅನ್ನಕ್ಕೆ ಜಾಗ ಎಲ್ಲಿ? ಆ ಲೀಟರಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣವೂ ಇಲ್ಲ, ಮಗುವಿಗೆ ದಿನಕ್ಕೆ ಬೇಕಾದದ್ದು 8 ಮಿಲಿಗ್ರಾಂ. ಹಾಲಿನಿಂದ ರಕ್ತಹೀನತೆ, ರಕ್ತಹೀನತೆಯಿಂದ ಹಸಿವು ಸಾಯುವುದು, ಹಸಿವಿಲ್ಲದ್ದಕ್ಕೆ ಮತ್ತೆ ಹಾಲು. ದಿನಕ್ಕೆ ಅರ್ಧ ಲೀಟರ್ ಮೀರದಂತೆ ನೋಡಿಕೊಳ್ಳಿ ಎಂದಷ್ಟೇ ಹೇಳಿ ಕಳಿಸಿದ ಎಷ್ಟೋ ಮಕ್ಕಳು ಎರಡು ವಾರದಲ್ಲಿ ತಾವೇ ತಟ್ಟೆ ಕೇಳಿದ್ದನ್ನು ಕಂಡಿದ್ದೇನೆ. ಹಸಿವಿನ ಟಾನಿಕ್ ಬರೆದುಕೊಡಿ ಎನ್ನುವವರಿಗೆ ಒಂದು ಮಾತು: ಅಂಥ ಎಷ್ಟೋ ಸಿರಪ್ಪುಗಳಲ್ಲಿರುವುದು ಅಲರ್ಜಿಯ ಔಷಧ. ಹಸಿವು ಹೆಚ್ಚುವುದು ಅದರ ಅಡ್ಡಪರಿಣಾಮ, ತೂಕಡಿಕೆಯೂ ಹಾಗೆಯೇ.

ಇದೆಲ್ಲ ಹೊಟ್ಟೆ ತುಂಬಿದವರ ಮನೆಯ ಸಮಸ್ಯೆಯಲ್ಲವೇ ಎಂದು ಯಾರಾದರೂ ಕೇಳಬಹುದು, ಕೇಳಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರರಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ, 65 ಮಕ್ಕಳಿಗೆ ರಕ್ತಹೀನತೆ ಇದೆ. ದೇಶದಲ್ಲಿ ಆರು ತಿಂಗಳಿಂದ ಎರಡು ವರ್ಷದೊಳಗಿನ ನೂರು ಮಕ್ಕಳಲ್ಲಿ ಸಾಕಷ್ಟು ಬಗೆಯ ಆಹಾರ ಸಾಕಷ್ಟು ಸಲ ಸಿಗುತ್ತಿರುವುದು 11 ಮಕ್ಕಳಿಗೆ. ಉಳಿದ ಮಕ್ಕಳು ಆರಿಸಿ ತಿನ್ನುತ್ತಿಲ್ಲ, ಆರಿಸಲು ತಟ್ಟೆಯಲ್ಲಿ ಏನೂ ಇಲ್ಲ. ಇವೆರಡನ್ನೂ ಒಂದೇ ಮಾತಿನಲ್ಲಿ ಸೇರಿಸಿ ಬಡವರ ಮನೆಯ ತಾಯಿಗೂ “ಸರಿಯಾಗಿ ತಿನ್ನಿಸಮ್ಮ” ಎಂದು ಗದರಿ ಕಳಿಸುವ ವೈದ್ಯರಿದ್ದಾರೆ. ಕೂಲಿಗೆ ಹೋಗುವ ತಾಯಿ ಎರಡು ಹೊತ್ತು ಬರೀ ಅನ್ನ ಸಾರು ಕೊಡುತ್ತಿದ್ದರೆ ಅಲ್ಲಿ ಬೇಕಾದದ್ದು ಮೊಟ್ಟೆ, ಕಾಳು, ಸೊಪ್ಪು, ಎಣ್ಣೆ. ಉಪದೇಶವಲ್ಲ.

ಅಂಗನವಾಡಿಯನ್ನು ನಾನು ಗೌರವದಿಂದ ನೆನೆಯುವುದು ಇದಕ್ಕೇ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆ ಶುರುವಾದಾಗ ನಮ್ಮ ರಾಜ್ಯದಲ್ಲಿ ಅದು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ, ನೂರು ಕೇಂದ್ರಗಳೊಂದಿಗೆ. ಯಾವ ಅಂಗನವಾಡಿ ಕಾರ್ಯಕರ್ತೆಯನ್ನಾದರೂ ಕೇಳಿ, ಮನೆಯಲ್ಲಿ ಸೊಪ್ಪು ಮುಟ್ಟದ ಮಗು ಇಲ್ಲಿ ಸೊಪ್ಪಿನ ಸಾರಿನಲ್ಲಿ ಅನ್ನ ಉಂಡು ತಟ್ಟೆ ನೆಕ್ಕುತ್ತದೆ ಎನ್ನುತ್ತಾಳೆ. ಅಲ್ಲಿ ಮಗುವಿನ ಹಿಂದೆ ಓಡಲು ಯಾರಿಗೂ ಬಿಡುವಿಲ್ಲ. ಚಾಪೆ ಹಾಸಿದ್ದಾರೆ, ಪಂಕ್ತಿ ಕೂತಿದೆ, ಪಕ್ಕದವನು ಉಣ್ಣುತ್ತಿದ್ದಾನೆ. ತನಗೆ ಬೇಡವಾದ ತರಕಾರಿಯನ್ನು ಓರಗೆಯ ಮಕ್ಕಳು ತಿನ್ನುವುದನ್ನು ಕೆಲವು ದಿನ ನೋಡಿದ ಮಗು ತಾನೂ ಅದನ್ನು ಆರಿಸತೊಡಗುತ್ತದೆಂದು ಬರ್ಚ್ 1980ರಲ್ಲೇ ತೋರಿಸಿದ್ದರು. ಮನೆಯಲ್ಲಿ ನಾವು ಮಗುವಿಗೆ ಆರೂವರೆಗೆ ಬೇರೆ ಉಣಿಸಿ, ಒಂಬತ್ತಕ್ಕೆ ಟಿವಿಯ ಮುಂದೆ ನಾವು ಬೇರೆ ಉಣ್ಣುತ್ತೇವೆ. ಮಗು ನೋಡಿ ಕಲಿಯುವುದು ಯಾರನ್ನು?

ಇನ್ನು, ಕಾಯಬಾರದ ಸಂದರ್ಭಗಳಿವೆ. ತೂಕ ನಿಂತಿದ್ದರೆ ಅಥವಾ ಇಳಿಯುತ್ತಿದ್ದರೆ, ನುಂಗುವಾಗ ಕೆಮ್ಮು ಬಂದರೆ, ಪದೇಪದೇ ವಾಂತಿಯಾದರೆ, ಮಗು ಬಿಳಚಿಕೊಂಡು ಮಣ್ಣು ಸುಣ್ಣ ತಿನ್ನುತ್ತಿದ್ದರೆ, ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದ್ದರೆ, ಅದರ ಜೊತೆ ಮಾತು ತಡವಾಗಿ ಕಣ್ಣಿಗೆ ಕಣ್ಣು ಕೊಡದಿದ್ದರೆ ವೈದ್ಯರಿಗೆ ತೋರಿಸಿ. ಆಟಿಸಂ ಇರುವ ಕೆಲವು ಮಕ್ಕಳಿಗೆ ಆಹಾರದ ಬಣ್ಣ, ವಾಸನೆ, ಹದ ನಿಜಕ್ಕೂ ಸಹಿಸಲಾಗದ ಹಿಂಸೆ. ಹಟವೆಂದು ಅವರನ್ನು ಹೊಡೆಯುವುದನ್ನು ಕಂಡು ನೊಂದಿದ್ದೇನೆ.

ಹಾಗಾದರೆ ಉಣಿಸುವುದು ಹೇಗೆ? ದಿನಕ್ಕೆ ಮೂರು ಊಟ, ನಡುವೆ ಎರಡು ಸಣ್ಣ ತಿಂಡಿ, ಉಳಿದ ಹೊತ್ತಿನಲ್ಲಿ ನೀರು ಮಾತ್ರ. ಮನೆಯವರೆಲ್ಲ ಕೂತು ಉಣ್ಣುವಾಗ ಮಗುವಿಗೂ ತಟ್ಟೆ. ಅದರಲ್ಲಿ ಅದಕ್ಕೆ ಖಂಡಿತ ಇಷ್ಟವಾಗುವ ಒಂದು, ಇನ್ನೂ ಒಗ್ಗದ ಒಂದು. ಮಗುವಿನ ಅಳತೆಗೆ ಬಡಿಸಿ, ದೊಡ್ಡವರ ಅಳತೆಗಲ್ಲ. ಚೆಲ್ಲಿಕೊಳ್ಳಲಿ, ಮುಖಕ್ಕೆ ಬಳಿದುಕೊಳ್ಳಲಿ. ಇಪ್ಪತ್ತು ಮೂವತ್ತು ನಿಮಿಷದಲ್ಲಿ ತಟ್ಟೆ ಎತ್ತಿ, ಉಂಡಿದ್ದರೂ ಉಣ್ಣದಿದ್ದರೂ ಮುಖದಲ್ಲಿ ಸಿಟ್ಟಿಲ್ಲದೆ. ಕೈತುತ್ತು ಬೇಡವೆಂದು ನಾನು ಹೇಳುತ್ತಿಲ್ಲ. ಸುತ್ತ ಕೂತ ಮಕ್ಕಳಿಗೆ ಅಜ್ಜಿ ಕಲಸಿ ಹಾಕುವ ಕೈತುತ್ತಿಗಾಗಿ ಮಕ್ಕಳೇ ಕೈಯೊಡ್ಡುತ್ತಾರೆ. ಒಡ್ಡಿದ ಕೈಗೆ ಹಾಕುವ ತುತ್ತಿಗೂ ಮುಚ್ಚಿದ ಬಾಯಿಗೆ ತುರುಕುವ ತುತ್ತಿಗೂ ಇರುವ ಅಂತರವನ್ನು ಹೇಳಲು ಇಷ್ಟು ಹೊತ್ತು ಮಾತಾಡಿದೆ.

ಈ ಸಭೆಯಲ್ಲಿ ಅಜ್ಜ ಅಜ್ಜಿಯರೇ ಹೆಚ್ಚಿದ್ದೀರಿ. ನಿಮ್ಮಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಸಲ ಮಗಳ ಮನೆಗೋ ಮಗನ ಮನೆಗೋ ಹೋದಾಗ ಮೊಮ್ಮಗುವಿನ ತೋಳು ಹಿಸುಕಿ “ಸೊರಗಿದೆ” ಎನ್ನಬೇಡಿ. ತಾಯಿ ಕಾರ್ಡನ್ನೋ ಅಂಗನವಾಡಿಯ ಬೆಳವಣಿಗೆ ಚಾರ್ಟನ್ನೋ ತರಿಸಿ ನೋಡಿ. ಗೆರೆ ಮೇಲಕ್ಕೆ ಏರುತ್ತಿದ್ದರೆ ಮಗುವನ್ನು ಆಡಲು ಬಿಡಿ. ಆಮೇಲೆ ಅದರ ತಾಯಿಯನ್ನು ಕೂರಿಸಿ ಒಂದು ತಟ್ಟೆ ಬಿಸಿಯೂಟ ಬಡಿಸಿ. ಮಗುವಿನ ಹಿಂದೆ ಬಟ್ಟಲು ಹಿಡಿದು ಓಡಾಡುವ ಹೆಣ್ಣು ಕೂತು ಬಿಸಿಯಾಗಿ ಉಂಡು ಬಹಳ ದಿನವಾಗಿರುತ್ತದೆ.